ಡಾಗರ್ ಬ್ಯಾಂಕ್: ಅಲೆ ಎರಡು ಮೀಟರ್, ಸರ್ವೆ ಬಂದ್

ಮೇ 14, 2025, ಬುಧವಾರ
ಉತ್ತರ ಸಮುದ್ರದ ಡಾಗರ್ ಬ್ಯಾಂಕ್ ಎಂಬ ಮುಳುಗು ದಿಬ್ಬ

ಬೆಳಗಿನಿಂದ ಅಲೆ ಎರಡು ಮೀಟರ್ ಮುಟ್ಟಿದೆ. ಸದ್ದು ಬಿಟ್ಟು, ಅದರ ಪ್ರತಿಧ್ವನಿಯಿಂದ ಕಡಲತಳದ ಕೆಳಗಿನ ಪದರಗಳನ್ನು ಗುರುತಿಸುವ ಸರ್ವೆ ನಮ್ಮದು. ಪ್ರತಿಧ್ವನಿ ಹಿಡಿಯಲು ಹಡಗಿನ ಹಿಂದೆ ಎಳೆಯುವ ಹೈಡ್ರೋಫೋನ್‌ಗಳ (ನೀರೊಳಗಿನ ಮೈಕ್‌ಗಳ) ಉದ್ದ ಸಾಲು, ಅಂದರೆ ಸ್ಟ್ರೀಮರ್, ಸುತ್ತಿ ಡೆಕ್ಕಿಗೆ ಎಳೆದುಕೊಂಡಾಗಿದೆ. ಹಡಗಿಗೆ ಇದು ಲೆಕ್ಕಕ್ಕಿಲ್ಲದ ಅಲೆ, ಡೇಟಾಕ್ಕೆ ಮಾತ್ರ ಮಾರಿ.

ಗಾಳಿಯಂತ್ರ ನಿಲ್ಲಿಸುವ ಮಾನೋಪೈಲ್ ಎಂಬ ದಪ್ಪ ಉಕ್ಕಿನ ಕೊಳವೆ ಕಡಲತಳದಿಂದ 30–40 ಮೀಟರ್ ಕೆಳಗಿಳಿಯಬಹುದು. ಅಷ್ಟೂ ಆಳಕ್ಕೆ ಅರ್ಧ ಮೀಟರ್ ದಪ್ಪದ ಪದರ ಬಿಡಿಬಿಡಿಯಾಗಿ ಕಾಣಬೇಕು. ತೈಲ ಹುಡುಕುವವರ ದೊಡ್ಡ ಏರ್‌ಗನ್‌ಗಳ ತಗ್ಗು ಆವರ್ತನದ ಸದ್ದಿನಿಂದ ಅದು ಆಗದು. ಹಾಗಾಗಿ ಸ್ಪಾರ್ಕರ್. ಕೆಪಾಸಿಟರ್‌ಗಳಲ್ಲಿ ಕೆಲವು ಸಾವಿರ ವೋಲ್ಟ್ ತುಂಬಿ, ನೂರಾರು ತಂತಿತುದಿಗಳಿಂದ ಒಮ್ಮೆಗೇ ಉಪ್ಪುನೀರಿಗೆ ಬಿಟ್ಟರೆ ಆವಿಗುಳ್ಳೆ ಉಬ್ಬಿ ಸದ್ದು ಹೊರಡುತ್ತದೆ. 1000 ಹರ್ಟ್ಸ್ ಎಂದಿಟ್ಟುಕೊಳ್ಳಿ. ನೀರಲ್ಲಿ ಶಬ್ದ ಸೆಕೆಂಡಿಗೆ 1500 ಮೀಟರ್ ಓಡುವುದರಿಂದ ತರಂಗದ ಉದ್ದ 1.5 ಮೀಟರ್. ಸ್ಟ್ರೀಮರ್‌ನ ಒಂದು ಭಾಗ ಅಲೆಯ ನೆತ್ತಿಯಲ್ಲಿ, ಇನ್ನೊಂದು ತಗ್ಗಿನಲ್ಲಿದ್ದು ಹಾದಿ 75 ಸೆಂ.ಮೀ. ವ್ಯತ್ಯಾಸವಾಯಿತೋ, ಚಾನೆಲ್‌ಗಳನ್ನು (ಸ್ಟ್ರೀಮರ್‌ನ ಒಂದೊಂದು ಭಾಗ ಹಿಡಿದ ಸಿಗ್ನಲ್‌ಗಳನ್ನು) ಕೂಡಿಸುವಾಗ ಒಂದು ಇನ್ನೊಂದನ್ನು ಅಳಿಸಿಹಾಕುತ್ತದೆ. ಸಣ್ಣಪುಟ್ಟ ಏರಿಳಿತವನ್ನು ಪ್ರೊಸೆಸಿಂಗ್‌ನಲ್ಲಿ ತಿದ್ದಬಹುದು. ಎರಡು ಮೀಟರ್ ಅಲೆಯನ್ನು ತಿದ್ದುತ್ತೇವೆ ಎನ್ನುವವರ ಮಾತು ನಂಬಬೇಡಿ.

ಹಾಗಾದರೆ ಸ್ಟ್ರೀಮರನ್ನು ಇನ್ನಷ್ಟು ಆಳಕ್ಕೆ ಮುಳುಗಿಸಬಾರದೇ? ಆಗ ಘೋಸ್ಟ್ ಕಾಟ. ತಳದಿಂದ ಬಂದ ಸದ್ದು ನೀರಿನ ಮೇಲ್ಮೈಗೆ ಬಡಿದು, ತಲೆಕೆಳಗಾಗಿ ಮತ್ತೆ ಹೈಡ್ರೋಫೋನ್ ಸೇರುತ್ತದೆ. ಆಳ 1 ಮೀಟರ್ ಇದ್ದರೆ 750 ಹರ್ಟ್ಸ್‌ನಲ್ಲಿ ಸಿಗ್ನಲ್ಲೇ ಇರದು. ಅರ್ಧ ಮೀಟರ್ ಇದ್ದರೆ ಆ ಹಳ್ಳ 1500ಕ್ಕೆ ಸರಿಯುತ್ತದೆ. ಅದಕ್ಕೇ ಮೇಲ್ಮೈಗೆ ಅಂಟಿಕೊಂಡೇ ಎಳೆಯುವುದು, ಅಲೆ ಎದ್ದಾಗ ಕೈಕಟ್ಟಿ ಕೂರುವುದು.

ಕೂರುವ ಹೊತ್ತಲ್ಲಿ ಸ್ಪಾರ್ಕರ್ ತುದಿ ನೋಡಿಬಿಡಬೇಕು. ಕಿಡಿ ಹಾರಿದಂತೆಲ್ಲ ಲೋಹ ಸವೆದು ಇನ್ಸುಲೇಷನ್ ಒಳಗೆ ಸರಿಯುತ್ತದೆ, ಸದ್ದಿನ ಆಕಾರ ಕೆಡುತ್ತದೆ. ಎಲ್ಲ ತುದಿಗಳನ್ನೂ ಒಂದೇ ಮಟ್ಟಕ್ಕೆ ಕತ್ತರಿಸಿದರೆ ಸರಿ. ಮತ್ತೆ ಶುರುಮಾಡುವಾಗ ಬ್ರಿಟನ್ನಿನ ಪ್ರಕೃತಿ ಸಂರಕ್ಷಣಾ ಸಲಹಾ ಸಂಸ್ಥೆ ಜೆಎನ್‌ಸಿಸಿಯ ಮಾರ್ಗಸೂಚಿಯಂತೆ 500 ಮೀಟರ್ ಸುತ್ತ ಪೋರ್ಪಸ್ (ಡಾಲ್ಫಿನ್‌ನಂಥ ಪ್ರಾಣಿ), ಸೀಲ್ ಇಲ್ಲವೆಂದು 30 ನಿಮಿಷ ಕಾದು ನೋಡಿ, ಆಮೇಲೆ ಸದ್ದಿನ ಬಲ ಏರಿಸುತ್ತಾ ಹೋಗಬೇಕು.

ನಿನ್ನೆಯ ಲೈನ್‌ಗಳಲ್ಲಿ ನೀರು 30 ಮೀಟರ್. ಕಡಲತಳದ ಪ್ರತಿಧ್ವನಿ 40 ಮಿಲಿಸೆಕೆಂಡಿಗೆ, ಅದರ ಮಲ್ಟಿಪಲ್ (ಮೇಲ್ಮೈಗೆ ಬಡಿದು ಇನ್ನೊಮ್ಮೆ ತಳಕ್ಕೆ ಹೋಗಿ ಬಂದ ಸದ್ದು) 80ಕ್ಕೆ. ಅಂದರೆ, ಮಣ್ಣಿನಲ್ಲಿ ಸದ್ದು ನೀರಿಗಿಂತ ತುಸು ವೇಗವಾದ್ದರಿಂದ, ಚಿತ್ರದಲ್ಲಿ ತಳದಿಂದ ಸುಮಾರು 34 ಮೀಟರ್ ಕೆಳಗೆ, ಸರಿಯಾಗಿ ಪೈಲ್‌ನ ಬುಡ ಬರುವಲ್ಲಿ! ಉದ್ದದ ಸ್ಟ್ರೀಮರ್ ಬೇಕೆನ್ನುವುದು ಇದಕ್ಕೇ: ದೂರದ ಚಾನೆಲ್‌ಗಳಲ್ಲಿ ಮಲ್ಟಿಪಲ್‌ನ ಬಾಗು ನಿಜವಾದ ಪದರದ ಬಾಗಿಗಿಂತ ಹೆಚ್ಚು, ಬೇರ್ಪಡಿಸಲು ಬರುತ್ತದೆ.

ಡಾಗರ್ ಬ್ಯಾಂಕ್ ಒಂದು ಕಾಲಕ್ಕೆ ನೆಲವಾಗಿತ್ತು. ಆಗಿನ ಜೌಗು ಸಸ್ಯಗಳ ಪೀಟ್ ಪದರ ಈಗಲೂ ಅಲ್ಲಲ್ಲಿದೆ. ಅದರ ಗೆರೆ ಗಾಢ, ಧ್ರುವತೆ (ತರಂಗ ಮೊದಲು ಏರುವುದೋ ಇಳಿಯುವುದೋ ಎಂಬುದು) ಮಾತ್ರ ಕಡಲತಳದ್ದಕ್ಕೆ ಉಲ್ಟಾ. ಅನಿಲ ತುಂಬಿದ್ದರಂತೂ ಕೆಳಗಿನದೆಲ್ಲ ಮಸುಕು. ವಿದ್ಯುತ್ ಕೇಬಲ್ ಹೂಳುವವರಿಗೆ ಇದನ್ನು ಮೊದಲೇ ತಿಳಿಸಬೇಕು. ಪೀಟ್ ಶಾಖ ಬಿಟ್ಟುಕೊಡದು, ಕೇಬಲ್ ಬಿಸಿಯೇರುತ್ತದೆ.

ಹಿಮನದಿ ಬಿಟ್ಟುಹೋದ ಬಂಡೆಗಳದ್ದು ಇನ್ನೊಂದು ತಲೆನೋವು. ಲೈನ್ ಕೆಳಗೆ ಸಿಕ್ಕರೆ ಕಮಾನಿನಂಥ ಗುರುತು ಬೀಳುತ್ತದೆ. ಲೈನ್‌ಗಳ ನಡುವೆ ನೂರು ಮೀಟರ್ ಬಿಟ್ಟರೆ ಅಲ್ಲಿರುವುದು ತಪ್ಪಿಹೋಗುತ್ತದೆ. ಪೈಲ್‌ನ ಜಾಗ ಗೊತ್ತಾದ ಮೇಲೆ ಅಲ್ಲಿ ಒತ್ತೊತ್ತಾಗಿ 3ಡಿ ಸರ್ವೆ ಮಾಡಲೇಬೇಕು.