ಎಣ್ಣೆ ಡ್ರಮ್ಮಿನಿಂದ ಎದ್ದ ಮತ್ಸ್ಯಕನ್ಯೆ

ಸ್ಮಶಾನಕ್ಕೆ ಶಿಲುಬೆ ಮಾಡಿಕೊಡುತ್ತಿದ್ದ ಒಬ್ಬ ಕಮ್ಮಾರರಿಂದ ಇಡೀ ಕೇರಿಗೇ ತಗಡಿನಲ್ಲಿ ಚಿತ್ರ ಕತ್ತರಿಸುವ ಕಸುಬು ಸಿಕ್ಕಿದ ಕಥೆ ಇದು. ಊರು ಹೈಟಿಯ ಕ್ರ್ವಾ-ದೆ-ಬುಕೆ. ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ಗೆ ಹತ್ತಿರ. ಮೊದಲು ಕಡಲ ದಂಡೆಯಲ್ಲಿತ್ತು, 1770ರ ಭೂಕಂಪದ ನಂತರ ಒಳನಾಡಿಗೆ ಬಂತು. ಈಗ ಅಲ್ಲಿ ಲಕ್ಷಗಟ್ಟಲೆ ಜನ, ಒತ್ತೊತ್ತಾಗಿ ಮನೆಗಳು.

ಆ ಕಮ್ಮಾರರು ಜಾರ್ಜ್ ಲಿಯೋಟೋ, 1899ರಲ್ಲಿ ಹುಟ್ಟಿದವರು. ಪೋರ್ಟ್-ಓ-ಪ್ರಿನ್ಸ್‌ನಲ್ಲಿ ಕಲಾಕೇಂದ್ರ ನಡೆಸುತ್ತಿದ್ದ ಅಮೆರಿಕದ ಡೆವಿಟ್ ಪೀಟರ್ಸ್ 1953ರಲ್ಲಿ ಗೋರಿಗಳ ಮೇಲಿನ ಕಬ್ಬಿಣದ ಶಿಲುಬೆ ನೋಡಿ, ಮಾಡಿದವರನ್ನು ಹುಡುಕಿಕೊಂಡು ಹೋದರು. ಆಮೇಲೆ ಲಿಯೋಟೋ ಹೈಟಿಯ ವೋಡೂ ಧರ್ಮದ ದೇವತೆಗಳನ್ನು, ಮತ್ಸ್ಯಕನ್ಯೆಯ ರೂಪದ ಕಡಲ ದೇವತೆ ಲಾಸಿರೆನ್‌ಳನ್ನು ತಗಡಿನಲ್ಲಿ ಕತ್ತರಿಸತೊಡಗಿದರು. ಅವರ ಹಿಂದೆಯೇ ಮ್ಯುರಾ ಬ್ರಿಯೆರ್, ಸೆರ್ಜ್ ಜೊಲಿಮೊ ಬಂದರು. ನೊವಾಯ್ ಅನ್ನುವ ಕೇರಿಯಲ್ಲಿ ಮನೆಮನೆಯಲ್ಲೂ ಸುತ್ತಿಗೆ ಸದ್ದು ಕೇಳತೊಡಗಿತು.

ನನಗೆ ಜಾಸ್ತಿ ಇಷ್ಟವಾಗುವುದು ಕೆಲಸ ಮಾಡುವ ರೀತಿ. ಎಣ್ಣೆ ತುಂಬಿ ಬಂದ 55 ಗ್ಯಾಲನ್ ಡ್ರಮ್ಮೇ ಕಚ್ಚಾ ಮಾಲು. ಎರಡೂ ಮುಚ್ಚಳ ಕತ್ತರಿಸಿ ತೆಗೆಯುತ್ತಾರೆ. ಒಳಗೆ ಒಣ ಬಾಳೆ ಎಲೆಯನ್ನೋ ಹುಲ್ಲನ್ನೋ ತುಂಬಿ ಬೆಂಕಿ ಹಚ್ಚುತ್ತಾರೆ, ಎಣ್ಣೆ, ಬಣ್ಣ ಎಲ್ಲ ಸುಟ್ಟು ಹೋಗಲಿ ಅಂತ. ಪಕ್ಕದಲ್ಲಿ ಉದ್ದಕ್ಕೆ ಸೀಳಿ, ತುಳಿದು, ಬಡಿದು ಚಪ್ಪಟೆ ಮಾಡುತ್ತಾರೆ. ಸೀಮೆಸುಣ್ಣದಲ್ಲಿ ಚಿತ್ರ ಬರೆದು ಉಳಿ, ಸುತ್ತಿಗೆ ಹಿಡಿದು ಕೂರುತ್ತಾರೆ. ಕರೆಂಟ್ ಬೇಡ, ವೆಲ್ಡಿಂಗ್ ಬೇಡ. ಮತ್ಸ್ಯಕನ್ಯೆಯ ಒಂದೊಂದು ಹುರುಪೆಯೂ ಕೈ ಏಟಿನಿಂದಲೇ ಏಳಬೇಕು. ಅಂಚು ಅರದಿಂದ ಉಜ್ಜಿ, ವಾರ್ನಿಶ್ ಬಳಿದರೆ ಮುಗಿಯಿತು.

ನಾನಿರುವ ಬಾಸ್ಟನ್‌ನಲ್ಲಿ ಹೈಟಿಯವರು ಬಹಳ. ಹಾಗಾಗಿ ಈ ತಗಡು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಒಂದು ಅಂಗಡಿಯಲ್ಲಿ ಇದಕ್ಕೆ ‘ರೀಸೈಕಲ್ಡ್ ಗಾರ್ಡನ್ ಡೆಕೋರ್’ ಅಂತ ಚೀಟಿ ಅಂಟಿಸಿದ್ದರು. ಮೂಲೆಯಲ್ಲಿ ಉಳಿಯಿಂದ ಕೊರೆದ ಹೆಸರಿತ್ತು, ಚೀಟಿ ಸರಿಯಾಗಿ ಅದರ ಮೇಲೇ! ಸಿಟ್ಟು ಬಂತು. ಡ್ರಮ್ಮು ಅಗ್ಗಕ್ಕೆ ಸಿಗುತ್ತಿತ್ತು, ಅದಕ್ಕೇ ಆ ಕಮ್ಮಾರರು ಬಳಸಿದರು. ಪರಿಸರ ಉಳಿಸಲು ಹೊರಟವರಲ್ಲ ಅವರು, ಅಲ್ವಾ?

ಕೆಲವು ವರ್ಷಗಳಿಂದ ಕ್ರ್ವಾ-ದೆ-ಬುಕೆ ಶಸ್ತ್ರ ಹಿಡಿದ ಗ್ಯಾಂಗ್‌ಗಳ ಕೈಯಲ್ಲಿ ನಲುಗುತ್ತಿದೆ. 2021ರ ಅಕ್ಟೋಬರ್‌ನಲ್ಲಿ ಮಿಷನರಿ ತಂಡದ 17 ಜನರನ್ನು ಅಪಹರಿಸಿದ್ದು ಅಲ್ಲಿನ ಗ್ಯಾಂಗೇ. ಎಷ್ಟೋ ಕುಶಲಕರ್ಮಿಗಳು ಕೇರಿ ಬಿಟ್ಟಿದ್ದಾರೆ. ಮಾಲು ಬಂದರಿಗೆ ತಲುಪಿಸುವುದೇ ಕಷ್ಟ. ಇಷ್ಟೆಲ್ಲ ದಾಟಿ ಬಂದ ತುಂಡಿಗೆ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ಸುಮ್ನೆ ಇರಕ್ಕಾಗಲ್ಲ. ಕೊಳ್ಳುವುದಾದರೆ ಮೊದಲು ಚೀಟಿ ಕಿತ್ತು ಹೆಸರು ಓದಿ.