ಕಮಿಸೋರಿ ಕೊಳ್ಳುವವರು ಮೊದಲು ಬಾಯಿ ನೋಡಬೇಕು

ಎರಡು ವರ್ಷಗಳ ಹಿಂದೆ ಜಪಾನಿನಿಂದ ತರಿಸಿದ ನನ್ನ ಮೊದಲ ಕಮಿಸೋರಿ ಎಂಬ ಕ್ಷೌರಕತ್ತಿಯನ್ನು ದಾವಣಗೆರೆಯ ಚೌಕಿಪೇಟೆಯ ಒಂದು ಹಳೆಯ ಕ್ಷೌರದಂಗಡಿಗೆ ಒಯ್ದು ತೋರಿಸಿದೆ. ಅಂಗಡಿಯ ಅಜ್ಜಾರು ಬಾಗಿಲ ಬಳಿ ಬಂದು, ಅಲಗಿನ ಬಾಯಿಯನ್ನು, ಎಂದರೆ ಕತ್ತರಿಸುವ ಅಂಚನ್ನು, ಮೇಲಕ್ಕೆ ಮಾಡಿ ಕಣ್ಣಿನ ನೇರಕ್ಕೆ ಹಿಡಿದು, ಬಿಸಿಲಿಗೆ ನಿಧಾನವಾಗಿ ಹೊರಳಿಸಿದರು. ನಡುಭಾಗದಲ್ಲಿ ಎರಡು ಕಡೆ ಬೆಳಕು ಸಾಸಿವೆಗಿಂತ ಸಣ್ಣ ಚುಕ್ಕಿಯಾಗಿ ಮಿಂಚಿ ಮರೆಯಾಯಿತು. "ಬಾಯಿ ತುಕ್ಕು ತಿಂದೈತಿ ತಮ್ಮಾ. ಹರಿತ ಇರೋ ಬಾಯಿ ಮ್ಯಾಲೆ ಬೆಳಕು ನಿಲ್ಲಂಗಿಲ್ಲ" ಎಂದು ಹೇಳಿ ಕತ್ತಿಯನ್ನು ನನ್ನ ಕೈಗಿಟ್ಟರು.

ಆ ಕತ್ತಿ ಕನ್ನಡಿಯಂತೆ ಹೊಳೆಯುತ್ತಿತ್ತು, ನಾನು ಮೋಸಹೋದದ್ದೂ ಆ ಹೊಳಪಿಗೇ. ಹಳೆಯ ಕತ್ತಿಗಳನ್ನು ಆನ್‌ಲೈನಿನಲ್ಲಿ ಮಾರುವ ಒಬ್ಬ ವ್ಯಾಪಾರಿ ಅದರ ತುಕ್ಕನ್ನು ಯಂತ್ರದ ಚಕ್ರಕ್ಕೆ ಕೊಟ್ಟು ಉಜ್ಜಿಸಿ, ಒಂದೇ ಮಗ್ಗುಲಿನ ಚಿತ್ರ ಹಾಕಿದ್ದ. ಮೇಲಿನ ತುಕ್ಕು ಹೋಗಿತ್ತು, ಆದರೆ ಅದು ಕೊರೆದ ಗುಳಿಗಳು ಬಾಯಿಯಲ್ಲೇ ಉಳಿದಿದ್ದವು. ಚಕ್ರಕ್ಕೆ ಕೊಡುವುದರಿಂದ ಇನ್ನೊಂದು ಅಪಾಯವೂ ಇದೆ: ಬಾಯಿಯ ಬಳಿ ಕಾಗದದಷ್ಟು ತೆಳುವಾದ ಉಕ್ಕು ತಿಕ್ಕಾಟದ ಕಾವಿಗೆ ತನ್ನ ಹದವನ್ನೇ ಕಳೆದುಕೊಳ್ಳಬಹುದು, ಹದ ಕೆಟ್ಟ ಅಲಗನ್ನು ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಆದ್ದರಿಂದ ಮೊದಲ ಕಮಿಸೋರಿ ಕೊಳ್ಳಲು ಹೊರಟವರಿಗೆ ನಾನು ಒತ್ತಿ ಹೇಳುವುದು ಇಷ್ಟೆ: ಅಲಗಿನ ಮೇಲೆ ಒತ್ತಿದ ಮುದ್ರೆಯನ್ನೂ ಹೊಳಪನ್ನೂ ಆಮೇಲೆ ನೋಡಿ, ಮೊದಲು ಬಾಯಿಯನ್ನು ನೋಡಿ.

ಕಮಿಸೋರಿ ಎಂದರೆ ಜಪಾನಿ ಭಾಷೆಯಲ್ಲಿ ಕ್ಷೌರಕತ್ತಿ ಎಂದೇ ಅರ್ಥ. ನಮ್ಮ ಹಳೆಯ ಅಂಗಡಿಗಳಲ್ಲಿದ್ದ ಮಡಚುವ ಕತ್ತಿಯ ಹಾಗೆ ಇದಕ್ಕೆ ಎರಡು ಹೋಳಿನ ಹಿಡಿ ಇರುವುದಿಲ್ಲ. ಅಲಗು ಮತ್ತು ಹಿಡಿ ಸೇರಿ ಒಂದೇ ತುಂಡು, ಹಿಡಿಗೆ ಕೆಲವೊಮ್ಮೆ ಬೆತ್ತದ ಸೀಳನ್ನು ಸುತ್ತಿರುತ್ತಾರೆ. ಬೌದ್ಧ ಭಿಕ್ಷುಗಳ ತಲೆ ಬೋಳಿಸುವುದಕ್ಕೂ ಸಮುರಾಯಿಗಳ ಮುಂದಲೆ ಹೆರೆಯುವುದಕ್ಕೂ ಬಳಕೆಯಲ್ಲಿದ್ದ ಕತ್ತಿ ಇದು. ಜುಟ್ಟು ತೆಗೆಸಲು ಅನುಮತಿಸುವ ಸರ್ಕಾರಿ ಆಜ್ಞೆ 1871ರಲ್ಲಿ ಹೊರಟ ಮೇಲೆ ಪಾಶ್ಚಾತ್ಯ ರೀತಿಯ ಕ್ಷೌರ ಅಲ್ಲಿ ಹಬ್ಬಿತಾದರೂ ಕಮಿಸೋರಿ ಅಂಗಡಿಗಳನ್ನು ಬಿಟ್ಟು ಹೋಗಲಿಲ್ಲ.

ಇದರ ಗುಣವೆಲ್ಲ ಇರುವುದು ಎರಡು ಲೋಹಗಳ ಬೆಸುಗೆಯಲ್ಲಿ. ಬಾಯಿಗೆ ಬರುವ ಗಟ್ಟಿ ಉಕ್ಕನ್ನು ಮೆದು ಕಬ್ಬಿಣಕ್ಕೆ ಕುಲುಮೆಯಲ್ಲಿ ಬೆಸೆದು ಬಡಿದಿರುತ್ತಾರೆ. ಇಡೀ ಅಲಗು ಗಟ್ಟಿ ಉಕ್ಕಿನದೇ ಆಗಿದ್ದರೆ ಕಲ್ಲಿನ ಮೇಲೆ ಸವೆಯುವುದೇ ಕಷ್ಟವಾಗುತ್ತಿತ್ತು. ಮೆದು ಕಬ್ಬಿಣ ಬೇಗ ಸವೆದು ಕೊಡುವುದರಿಂದ ಮಸೆಯುವ ಕೆಲಸ ಹಗುರವಾಗುತ್ತದೆ. ಅಲಗಿನ ಎರಡು ಮೈಗಳೂ ಒಂದೇ ರೀತಿ ಇರುವುದಿಲ್ಲ, ಹಾಗಾಗಿ ಸಂಪ್ರದಾಯದಂತೆ ಒಂದು ಮೈಯನ್ನು ಹೆಚ್ಚು ಸಲ, ಇನ್ನೊಂದನ್ನು ಕಡಿಮೆ ಸಲ ಕಲ್ಲಿಗೆ ಎಳೆಯುತ್ತಾರೆ. ಕಬ್ಬಿಣದ ಮರಳನ್ನೂ ಇದ್ದಿಲನ್ನೂ ತತಾರ ಎಂಬ ಕುಲುಮೆಗೆ ಹಾಕಿ ತೆಗೆಯುವ ತಮಾಹಗಾನೆ ಉಕ್ಕಿನ ಕತ್ತಿಗಳಿಗೆ ದೊಡ್ಡ ಹೆಸರಿದೆ, ಬೆಲೆಯೂ ಹಾಗೆಯೇ ಇದೆ. ಸ್ವೀಡನ್ನಿನ ಉಕ್ಕಿನಿಂದ ಜಪಾನಿನಲ್ಲೇ ಮಾಡಿದ ಒಳ್ಳೆಯ ಕಮಿಸೋರಿಗಳು ಬೇಕಾದಷ್ಟಿವೆ, ಮೊದಲ ಕತ್ತಿಗೆ ಅವು ಧಾರಾಳವಾಗಿ ಸಾಕು. ನೀಗಾತಾ ಪ್ರಾಂತ್ಯದ ಸಂಜೋ ಊರು ಈ ಕಮ್ಮಾರಿಕೆಗೆ ಹೆಸರಾದದ್ದು, ಅಲ್ಲಿನ ಇವಾಸಾಕಿ ಮನೆತನದವರ ಕತ್ತಿಗಾಗಿ ಸಂಗ್ರಾಹಕರು ಕಾದು ಕೂರುತ್ತಾರೆ. ಆದರೆ ಮಸೆಯುವುದನ್ನು ಇನ್ನೂ ಕಲಿಯದ ಕೈಗೆ ಅಂಥ ಕತ್ತಿಯನ್ನು ಕೊಡಬಾರದೆಂದೇ ನನ್ನ ಅಭಿಪ್ರಾಯ.

ಎರಡನೆಯ ಸಲ ಕೊಳ್ಳುವಾಗ ನಾನು ಮಾರುವವರಿಂದ ಎರಡೂ ಮೈಗಳ ಚಿತ್ರವನ್ನು, ಬೆನ್ನಿನ ಮೇಲಿನಿಂದ ತೆಗೆದ ಚಿತ್ರವನ್ನು ಮತ್ತು ಬಾಯಿಯನ್ನು ನೇರ ಬೆಳಕಿಗೆ ಹಿಡಿದು ತೆಗೆದ ಚಿತ್ರವನ್ನು ಕೇಳಿ ತರಿಸಿಕೊಂಡೆ. ಬೆನ್ನಿನಿಂದ ನೋಡಿದರೆ ಅಲಗು ಸೊಟ್ಟಗಿದೆಯೋ ಇಲ್ಲವೋ ತಿಳಿಯುತ್ತದೆ. ಮಸೆಯುವಾಗ ಬೆನ್ನು ಮತ್ತು ಬಾಯಿ ಎರಡೂ ಒಟ್ಟಿಗೆ ಕಲ್ಲಿಗೆ ತಾಗಬೇಕಾದ ಕಾರಣ, ಸೊಟ್ಟಗಿರುವ ಕತ್ತಿ ಹೊಸಬರ ಕೈಯಲ್ಲಿ ಎಂದಿಗೂ ಹದಕ್ಕೆ ಬರುವುದಿಲ್ಲ. ಅಲಗಿನ ಅಗಲ ಹಿಡಿಯ ಕಡೆಗೂ ತುದಿಯ ಕಡೆಗೂ ತೀರ ಬೇರೆಯಾಗಿದ್ದರೆ ಯಾರೋ ಅದನ್ನು ಒಂದೇ ಕಡೆ ಒತ್ತಿ ಸವೆಸಿದ್ದಾರೆಂದು ತಿಳಿಯಬೇಕು. ಹಿಡಿಯ ಮೇಲೆ, ಬೆನ್ನಿನ ಮೇಲೆ ಕಪ್ಪು ಕಲೆ, ಹಳೆಯ ತುಕ್ಕು ಇದ್ದರೆ ಏನೂ ಹೆದರಬೇಕಿಲ್ಲ. ನನ್ನ ಎರಡನೆಯ ಕತ್ತಿಯ ಹಿಡಿ ಹಾಗೆಯೇ ಕಪ್ಪಗಿದೆ, ಆದರೆ ಬಾಯಿಯಲ್ಲಿ ಒಂದೂ ಚುಕ್ಕಿ ಇಲ್ಲ. ಅಂಚೆಯ ಖರ್ಚು ಮತ್ತು ಸುಂಕ ಸೇರಿದಾಗ ಕತ್ತಿಯ ಬೆಲೆ ಹೆಚ್ಚುಕಡಿಮೆ ಎರಡರಷ್ಟಾಯಿತು. ಲೆಕ್ಕ ಹಾಕುವವರು ಇದನ್ನು ಮೊದಲೇ ಸೇರಿಸಿಕೊಳ್ಳುವುದು ಒಳ್ಳೆಯದು.

ಹಳೆಯ ಕತ್ತಿ ಬಂದ ದಿನವೇ ಮುಖಕ್ಕೆ ಹಚ್ಚಲು ಆಗುವುದಿಲ್ಲ, ಆದ್ದರಿಂದ ಮಸೆಗಲ್ಲಿಗೂ ಹಣ ತೆಗೆದಿಡಬೇಕು. ಕಲ್ಲಿನ ಸಂಖ್ಯೆ ಹೆಚ್ಚಿದಷ್ಟೂ ಅದು ನಯ: 1000ದ ಕಲ್ಲಿನಲ್ಲಿ ಬಾಯಿ ಕಟ್ಟಿ, 3000 ಅಥವಾ 5000ದಲ್ಲಿ ಗೀರು ತೆಗೆದು, 8000, 12000ದಲ್ಲಿ ನಯಮಾಡಿ, ಕೊನೆಗೆ ಚರ್ಮದ ಪಟ್ಟಿಯ ಮೇಲೆ ಎಳೆಯುತ್ತೇನೆ. ಕ್ಯೋಟೋ ಸುತ್ತಲಿನ ಗಣಿಗಳ ನೈಸರ್ಗಿಕ ಕಲ್ಲುಗಳನ್ನು ಜಪಾನೀಯರು ಬಹಳ ಮೆಚ್ಚುತ್ತಾರೆ, ಆದರೆ ಅವುಗಳಲ್ಲಿ ಎಷ್ಟೋ ಕಲ್ಲುಗಳ ಬೆಲೆ ಕತ್ತಿಯನ್ನೇ ಮೀರಿಸುತ್ತದೆ. ನಮ್ಮ ಮನೆಯ ಬೋರ್‌ವೆಲ್ ನೀರು ಗಡಸು. ಅಲಗಿನ ಮೇಲೆ ಒಣಗಿದರೆ ಬಿಳಿ ಕಲೆ ಕೂರುತ್ತದೆ, ಸೋಪಿನ ನೊರೆಯೂ ಸರಿಯಾಗಿ ಏಳುವುದಿಲ್ಲ. ಹಾಗಾಗಿ ಕಲ್ಲಿಗೂ ನೊರೆಗೂ ಫಿಲ್ಟರ್ ನೀರನ್ನೇ ಬಳಸುತ್ತೇನೆ. ಕ್ಷೌರವಾದ ಮೇಲೆ ಕತ್ತಿಯನ್ನು ಒರೆಸಿ ಒಂದು ಹನಿ ಎಣ್ಣೆ ಸವರಿಡುವುದನ್ನು ಒಂದು ದಿನವೂ ತಪ್ಪಿಸಬಾರದು. ಜಪಾನಿನಲ್ಲಿ ಅದಕ್ಕೆ ಕಮೀಲಿಯಾ ಬೀಜದ ಎಣ್ಣೆ ಬಳಸುತ್ತಾರೆ, ನನಗೆ ಹೊಲಿಗೆ ಯಂತ್ರದ ಎಣ್ಣೆಯೇ ಒಗ್ಗಿದೆ.

ಅಜ್ಜಾರ ಅಂಗಡಿಯಲ್ಲಿ ಈಗ ಗಿರಾಕಿಗಳಿಗೆ ಬಳಸುವುದು ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿಯನ್ನೇ. ಎಚ್‌ಐವಿಯ ಭಯ ಹರಡಿದ ಮೇಲೆ ಒಬ್ಬರಿಗೆ ಬಳಸಿದ ಅಲಗನ್ನು ಇನ್ನೊಬ್ಬರಿಗೆ ಮುಟ್ಟಿಸಬಾರದೆಂಬ ಎಚ್ಚರ ಬಂದಿತು, ಅದು ಸರಿಯಾದದ್ದೇ. ಮಸೆದು ಬಳಸುವ ಕತ್ತಿ ಒಬ್ಬರ ಮುಖಕ್ಕೆ ಮಾತ್ರ ಮೀಸಲಾಗಿರಬೇಕು. ಆದರೂ ನಾನು ಎರಡನೆಯ ಕತ್ತಿಯನ್ನು ಒಯ್ದ ದಿನ ಅವರು ಅದನ್ನು ಹೊರಳಿಸಿ ನೋಡಿ, ಮುಂಗೈಯ ಕೂದಲಿನ ಮೇಲೆ ಚರ್ಮಕ್ಕೆ ತಾಗದಂತೆ ಆಡಿಸಿದರು. ಎರಡು ಮೂರು ಎಳೆ ಸದ್ದಿಲ್ಲದೆ ಉದುರಿದವು. "ಈಗ ಗಲ್ಲಕ್ಕೆ ಹಚ್ಚು. ಗದ್ದಕ್ಕೆ ಇನ್ನೊಂದು ತಿಂಗಳು ಬ್ಯಾಡ" ಎಂದರು. ಆ ಮಾತನ್ನು ಪಾಲಿಸಿದೆ, ಗದ್ದದ ತಿರುವಿನಲ್ಲಿ ಈ ತನಕ ರಕ್ತ ಬಂದಿಲ್ಲ.

ಮೊದಲನೆಯ ಕತ್ತಿಯನ್ನು ನಾನು ಎಸೆದಿಲ್ಲ. ಭಾನುವಾರಗಳಂದು ಅದನ್ನು 1000ದ ಕಲ್ಲಿನ ಮೇಲೆ ಮಸೆಯುತ್ತಾ ಕೈ ಪಳಗಿಸಿಕೊಳ್ಳುತ್ತಿದ್ದೇನೆ. ಎರಡು ಚುಕ್ಕಿಗಳಲ್ಲಿ ಒಂದು ಹೋಗಿದೆ. ಇನ್ನೊಂದು ಹೋಗುವ ತನಕ ಆ ಉಕ್ಕಿನಲ್ಲಿ ಹದ ಉಳಿದಿದೆಯೋ ಇಲ್ಲವೋ ತಿಳಿಯುವಂತಿಲ್ಲ.