ಕನ್ನಡಿಯಂಥ ನೀರು

ಕಳೆದ ಬೇಸಿಗೆಯಲ್ಲಿ ಪಾವಗಡದ ಹತ್ತಿರ ಅಕ್ಕನ ಊರಿಗೆ ಹೋಗಿದ್ದೆ. ಅಕ್ಕನ ಮಗಳು ಜಗಲಿಯ ಮೇಲೆ ಕೂತು ಮಾವಿನಹಣ್ಣು ತಿನ್ನುತ್ತಿದ್ದಳು. ನಗು ಬಂದಾಗೆಲ್ಲ ಬಾಯಿಗೆ ಕೈ ಅಡ್ಡ. ಒಂಬತ್ತು ವರ್ಷದ ಹುಡುಗಿಗೆ ಎಂಥ ನಾಚಿಕೆ ಅಂದುಕೊಂಡೆ. ಕೈ ತೆಗೆದಾಗ ಗೊತ್ತಾಯಿತು. ಮುಂದಿನ ಎರಡು ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆ, ನಡುನಡುವೆ ಸುಣ್ಣ ಬಳಿದಂಥ ಬಿಳಿ ಮಚ್ಚೆ.

"ಸರಿಯಾಗಿ ಹಲ್ಲುಜ್ಜಲ್ಲ ಕಣೋ ಇವಳು," ಅಂದಳು ಅಕ್ಕ. ಹುಡುಗಿ ತಲೆ ತಗ್ಗಿಸಿದಳು.

ಮರುದಿನ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಬ್ರಷ್ ಬಗ್ಗೆ ಕೇಳಲೇ ಇಲ್ಲ. "ಮನೇಲಿ ಯಾವ ನೀರು ಕುಡೀತೀರಾ?" ಅಂದರು.

"ನಮ್ಮದೇ ಬೋರ್ ಸಾರ್. ನೀರು ಕನ್ನಡಿ ಹಂಗಿದೆ," ಅಂದರು ಭಾವ.

"ಟೆಸ್ಟ್ ಮಾಡಿಸಿದ್ದೀರಾ?"

ಹನ್ನೊಂದು ವರ್ಷದ ಹಿಂದೆ ಕೊರೆಸಿದ ಬೋರ್ ಅದು. ಪಾಯಿಂಟ್ ನೋಡೋಕೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಓಡಾಡುವವರನ್ನು ಕರೆಸಿದ್ದರು. ಪೂಜೆ ಮಾಡಿದ್ದರು. 480 ಅಡಿಗೆ ನೀರು ಚಿಮ್ಮಿದಾಗ ಬೀದಿಗೆಲ್ಲ ಸಿಹಿ ಹಂಚಿದ್ದರು. ಆ ನೀರಿನಲ್ಲಿ ಏನಿದೆ ಅಂತ ನೋಡಬೇಕು ಅನ್ನೋದು ಮಾತ್ರ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ನೀರು ಪರೀಕ್ಷೆ ಮಾಡುವ ಲ್ಯಾಬಿನವರು ಹೇಳಿದ ಹಾಗೆ ಹತ್ತು ನಿಮಿಷ ಮೋಟರ್ ಓಡಿಸಿದೆ. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿಸಿದೆ. ಮುಚ್ಚಳ ಬಿಗಿ ಮಾಡಿ ತಾರೀಕು, ಊರು ಬರೆದು ಅಂಟಿಸಿದೆ. ಇಷ್ಟೇ ಕೆಲಸ. ಖರ್ಚೂ ಮೋಟರ್ ರಿಪೇರಿಗೆ ಆಗುವಷ್ಟಿಲ್ಲ.

ರಿಪೋರ್ಟ್ ಬಂತು. ಜಾಸ್ತಿಯಾದರೆ ಹಲ್ಲಿಗೆ ಇಂಥ ಕಲೆ ತರುವ ಫ್ಲೋರೈಡ್ ಅನ್ನೋ ಲವಣ ಲೀಟರಿಗೆ 3.2 ಮಿಲಿಗ್ರಾಂ. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ 1. ಬೇರೆ ನೀರೇ ಸಿಗದಿದ್ದರೆ 1.5ರ ತನಕ ಪರವಾಗಿಲ್ಲ. ಆ ಕಡೆಯ ಕಲ್ಲಿನಲ್ಲೇ ಫ್ಲೋರೈಡ್ ಇದೆ. ಆಳದಲ್ಲಿ ವರ್ಷಗಟ್ಟಲೆ ಕಲ್ಲಿಗೆ ತಾಗಿಕೊಂಡು ನಿಂತ ನೀರಿಗೆ ಅದು ಇಳಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ.

"ಕಾಯಿಸಿ ಕುಡಿದ್ರೆ ಆಗಲ್ವಾ?" ಅಂತ ಅಕ್ಕ ಕೇಳಿದಳು. ಕಾಯಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಜಾಸ್ತಿಯೇ ಆಗುತ್ತದೆ.

ಈಗ ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಬೋರ್ ನೀರು. ಕುಡಿಯೋಕೆ, ಅಡುಗೆಗೆ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್. ಹುಡುಗಿಯ ಹಲ್ಲಿನ ಕಲೆ ಇನ್ನು ತಾನಾಗಿ ಹೋಗಲ್ಲ, ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಕೂತಿದ್ದು ಅದು. ಆದರೆ ಅವಳ ತಮ್ಮನಿಗೆ ಎರಡೇ ವರ್ಷ. ಅವನ ಶಾಶ್ವತ ಹಲ್ಲು ಇನ್ನೂ ಒಳಗೇ ಬೆಳೆಯುತ್ತಿವೆ. ಅವನಿಗಾದರೂ ಹೊತ್ತಿಗೆ ಸರಿಯಾಗಿ ಗೊತ್ತಾಯಿತಲ್ಲ ಅನ್ನೋದೇ ನನಗೆ ಸಮಾಧಾನ.

ನಿಮ್ಮ ಮನೆಯಲ್ಲೂ ಬೋರ್ ಇದ್ದರೆ ದಯವಿಟ್ಟು ಒಂದು ಬಾಟಲಿ ತುಂಬಿಸಿ ಕೊಡಿ. ಫ್ಲೋರೈಡ್ ಜೊತೆ, ಗೊಬ್ಬರ, ಕೊಳಚೆಯಿಂದ ನೀರಿಗೆ ಸೇರುವ ನೈಟ್ರೇಟನ್ನೂ ನೋಡಲು ಹೇಳಿ. ಕರಾವಳಿ, ಮಲೆನಾಡಿನ ತೆರೆದ ಬಾವಿಯಾದರೆ ಬ್ಯಾಕ್ಟೀರಿಯಾ ಪರೀಕ್ಷೆ ಬೇಕೇ ಬೇಕು, ಶೌಚಾಲಯದ ಗುಂಡಿ ಹತ್ತಿರವಿದ್ದರಂತೂ ತಡಮಾಡಬೇಡಿ. ಅದಕ್ಕೆ ಲ್ಯಾಬಿನವರೇ ಕ್ರಿಮಿ ಇಲ್ಲದ ಬಾಟಲಿ ಕೊಡುತ್ತಾರೆ.

ನಾನು ಬಸ್ಸಿಗೆ ಹೊರಟಾಗ ಅಕ್ಕ ಮಗಳನ್ನು ಮುಂದೆ ಕೂರಿಸಿಕೊಂಡು ಜಡೆ ಹಾಕುತ್ತಿದ್ದಳು. "ನಾನು ಸುಮ್ನೆ ಬೈದುಬಿಟ್ಟೆ ಕಣೇ," ಅಂದಳು. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಸೆರಗಲ್ಲಿ ಒರೆಸುತ್ತಾ ಒಂದು ಬಾಟಲಿ ತಂದರು.

"ನಮ್ಮ ಬೋರಿಂದೂ ಕೊಟ್ಬಿಡಪ್ಪಾ. ಮೂರು ಸಲ ತೊಳ್ದಿದೀನಿ."